ಬೆಂಗಳೂರಿನಲ್ಲಿ ಎರಡು ದಿನದ ಕ್ಷೇತ್ರ ಭೇಟಿ: ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಬನ್ನೇರುಘಟ್ಟ, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ತಾರಾಲಯ, ಲಾಲ್‌ಬಾಗ್, ಟಿಪ್ಪು ಅರಮನೆ, ವಿಧಾನಸೌಧದ ಮುಂದೆ ಒಂದು ಗುಂಪುಚಿತ್ರ, ಕೊನೆಗೆ ಯಾವುದಾದರೊಂದು ಮಾಲ್. ಬೆಂಗಳೂರಿಗೆ ಬರುವ ಶಾಲಾ ಪ್ರವಾಸದ ಪಟ್ಟಿ ಬಹುಮಟ್ಟಿಗೆ ಹೀಗೇ ಇರುತ್ತದೆ, ಅದೂ ಒಂದೇ ದಿನಕ್ಕೆ. ಮಕ್ಕಳು ನೋಡುವುದಕ್ಕಿಂತ ಹೆಚ್ಚು ಹೊತ್ತು ಬಸ್ಸಿನಲ್ಲಿ ಕುಳಿತಿರುತ್ತಾರೆ. ಪ್ರತಿ ಜಾಗದಲ್ಲೂ ‘ಬೇಗ ಬನ್ನಿ, ಸಾಲು ಬಿಡಬೇಡಿ’ ಎಂಬ ಮಾತೇ ಪಾಠವಾಗುತ್ತದೆ. ಈ ಪಟ್ಟಿಯಲ್ಲಿ ಅರ್ಧವನ್ನು ಹೊಡೆದುಹಾಕಿ, ಉಳಿದ ಜಾಗಗಳಲ್ಲಿ ಮಕ್ಕಳನ್ನು ಸಾಕಷ್ಟು ಹೊತ್ತು ನಿಲ್ಲಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಳಗಿನ ಯೋಜನೆ ಆರನೇ ತರಗತಿಯಿಂದ ಹತ್ತನೇ ತರಗತಿಯ ಮಕ್ಕಳಿಗೆ, ನಲವತ್ತು ಐವತ್ತು ಜನರ ಒಂದು ಬಸ್ಸಿಗೆ ಹೊಂದುವಂಥದ್ದು. ನಗರದ ಶಾಲೆಯವರು ಇದನ್ನು ಎರಡು ಬೇರೆ ಬೇರೆ ವಾರಗಳಲ್ಲಿ ಮಾಡಬಹುದು. ಹೊರಗಿನಿಂದ ಬರುವವರಿಗೆ ನಡುವೆ ಒಂದು ರಾತ್ರಿ ಉಳಿಯುವ ವ್ಯವಸ್ಥೆ ಬೇಕು.

ಹೆಜ್ಜೆ 1: ಮೊದಲು ಪ್ರಶ್ನೆ, ಆಮೇಲೆ ಸ್ಥಳ

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕುಳಿತು ಸ್ಥಳಗಳ ಹೆಸರು ಬರೆಯುವ ಮೊದಲು ಪ್ರತಿ ದಿನಕ್ಕೆ ಒಂದು ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳಿ. ನಾನು ಸೂಚಿಸುವ ಎರಡು ಪ್ರಶ್ನೆಗಳು ಇವು. ಮೊದಲ ದಿನ: ‘ಇದು ಎಷ್ಟು ಹಳೆಯದು, ಅದು ನಮಗೆ ಹೇಗೆ ಗೊತ್ತು?’ ಎರಡನೆಯ ದಿನ: ‘ಈ ಪ್ರಾಣಿ ಇಲ್ಲಿ ಏಕಿದೆ?’ ಸ್ಥಳಗಳನ್ನು ಪ್ರಶ್ನೆಯೇ ಆರಿಸಿಕೊಡುತ್ತದೆ. ಮೊದಲ ಪ್ರಶ್ನೆಗೆ ಲಾಲ್‌ಬಾಗಿನ ಬಂಡೆ ಬೇಕು, ಕೋಟೆ ಬೇಕು, ಶಾಸನ ಬೇಕು, ಮಾಲ್ ಬೇಡ.

ಪ್ರಶ್ನೆಗಳನ್ನು ಒಂದು ವಾರ ಮೊದಲೇ ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡಿ. ಉತ್ತರ ಹೇಳಬೇಡಿ. ಮಕ್ಕಳು ಊಹೆ ಮಾಡಿ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಲಿ. ತಪ್ಪು ಊಹೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅದನ್ನು ಬರೆದ ಮಗು ಸ್ಥಳದಲ್ಲಿ ಹೆಚ್ಚು ಗಮನ ಕೊಟ್ಟು ನೋಡುತ್ತದೆ.

ಹೆಜ್ಜೆ 2: ದಿನಾಂಕ

ನವೆಂಬರ್‌ನಿಂದ ಫೆಬ್ರವರಿವರೆಗಿನ ದಿನಗಳು ಒಳ್ಳೆಯವು. ಮಳೆ ಕಡಿಮೆ, ಬಿಸಿಲು ಹಿತ, ಕೆರೆಗಳಲ್ಲಿ ವಲಸೆ ಹಕ್ಕಿಗಳು ಇರುತ್ತವೆ. ಸೆಪ್ಟೆಂಬರ್ ಮತ್ತು ಅಕ್ಟೋಬರಿನ ಸಂಜೆ ಮಳೆ ಬೆಂಗಳೂರಿನ ರಸ್ತೆಗಳನ್ನು ಏನು ಮಾಡುತ್ತದೆಂಬುದು ಎಲ್ಲರಿಗೂ ಗೊತ್ತಿರುವುದೇ.

ವಾರದ ದಿನವೂ ಮುಖ್ಯ. ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಮಂಗಳವಾರ ರಜೆ. ಜವಾಹರಲಾಲ್ ನೆಹರು ತಾರಾಲಯಕ್ಕೆ ಸೋಮವಾರ ರಜೆ. ಶನಿವಾರ, ಭಾನುವಾರ ಜನಜಂಗುಳಿ. ಆದ್ದರಿಂದ ಗುರುವಾರ ಮತ್ತು ಶುಕ್ರವಾರ ಸೂಕ್ತ. ಆಗಸ್ಟ್ 15 ಮತ್ತು ಜನವರಿ 26ರ ಆಸುಪಾಸಿನಲ್ಲಿ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಹೂವು ನೋಡಲು ಅದು ಚೆಂದ, ಪಾಠ ಮಾಡಲು ಅಲ್ಲ. ಆ ದಿನಗಳನ್ನು ಬಿಟ್ಟುಬಿಡಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅದನ್ನು ನೋಡಲೆಂದೇ ಚಿಕ್ಕ ಗುಂಪನ್ನು ಕರೆದೊಯ್ಯುವುದಾದರೆ ಸಂತೋಷ, ಆದರೆ ಅದೇ ದಿನ ಬೇರೆ ಯೋಜನೆ ಬೇಡ.

ಹೆಜ್ಜೆ 3: ಒಮ್ಮೆ ಹೋಗಿ ನೋಡಿ ಬನ್ನಿ

ಇದನ್ನು ಬಿಡಲೇಬೇಡಿ. ಪ್ರವಾಸದ ಹೊಣೆ ಹೊತ್ತ ಶಿಕ್ಷಕರಲ್ಲಿ ಒಬ್ಬರಾದರೂ ಎಲ್ಲ ಜಾಗಗಳನ್ನೂ ಮೊದಲೇ ನಡೆದು ನೋಡಿರಬೇಕು. ಶೌಚಾಲಯ ಎಲ್ಲಿದೆ, ಕುಡಿಯುವ ನೀರು ಎಲ್ಲಿದೆ, ಬಸ್ ಎಲ್ಲಿ ನಿಲ್ಲುತ್ತದೆ, ಬುತ್ತಿ ಬಿಚ್ಚಲು ಎಲ್ಲಿ ಅನುಮತಿ ಇದೆ, ಗಾಲಿಕುರ್ಚಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಬರೆದುಕೊಳ್ಳಿ. ವಸ್ತುಸಂಗ್ರಹಾಲಯಗಳಲ್ಲಿ ಆಗಾಗ ದುರಸ್ತಿ ನಡೆದು ಕೆಲವು ಕೋಣೆಗಳು, ಕೆಲವೊಮ್ಮೆ ಇಡೀ ಕಟ್ಟಡವೇ ಮುಚ್ಚಿರುವುದುಂಟು. ಹೊರಡುವ ವಾರ ಮತ್ತೊಮ್ಮೆ ದೂರವಾಣಿಯಲ್ಲಿ ಕೇಳಿ. ಪ್ರವೇಶ ಶುಲ್ಕ ಬದಲಾಗುತ್ತಿರುತ್ತದೆ, ಅದನ್ನೂ ಆಗಲೇ ವಿಚಾರಿಸಿ. ಶಾಲೆಯ ಮುದ್ರೆಯುಳ್ಳ ಪತ್ರ ಕೊಟ್ಟರೆ ಹಲವು ಕಡೆ ವಿದ್ಯಾರ್ಥಿ ರಿಯಾಯಿತಿ ಸಿಗುತ್ತದೆ. ಟಿಪ್ಪು ಅರಮನೆಯಂಥ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ.

ಹೆಜ್ಜೆ 4: ಅನುಮತಿ, ಬಸ್, ಗುಂಪು

ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಅರ್ಜಿ, ಪೋಷಕರ ಸಹಿಯುಳ್ಳ ಒಪ್ಪಿಗೆ ಪತ್ರ, ಪ್ರತಿ ಮಗುವಿನ ರಕ್ತದ ಗುಂಪು, ಅಲರ್ಜಿ, ನಿತ್ಯ ತೆಗೆದುಕೊಳ್ಳುವ ಔಷಧಿ, ಇಬ್ಬರು ಮನೆಯವರ ಮೊಬೈಲ್ ಸಂಖ್ಯೆ: ಇವೆಲ್ಲ ಒಂದು ಕಡತದಲ್ಲಿರಲಿ, ಇನ್ನೊಂದು ಪ್ರತಿ ಶಾಲೆಯಲ್ಲಿರಲಿ. ಜೇನುಹುಳು ಕಚ್ಚಿದರೆ ಮೈಯೆಲ್ಲ ಊದಿಕೊಳ್ಳುವ ಮಕ್ಕಳಿದ್ದಾರೆಯೇ ಎಂದು ಪ್ರತ್ಯೇಕವಾಗಿ ಕೇಳಿ. ಕಾರಣವನ್ನು ಮುಂದೆ ಹೇಳುತ್ತೇನೆ. ಬಿಎಂಟಿಸಿ ಮತ್ತು ಕೆಎಸ್‌ಆರ್‌ಟಿಸಿ ಬಸ್ಸುಗಳು ಒಪ್ಪಂದದ ಮೇಲೆ ಸಿಗುತ್ತವೆ. ಖಾಸಗಿ ಬಸ್ಸಾದರೆ ಪರವಾನಗಿ, ವಿಮೆ, ಅರ್ಹತಾ ಪತ್ರಗಳನ್ನು ಕಣ್ಣಾರೆ ನೋಡಿ. ರಾತ್ರಿ ಪ್ರಯಾಣ ಬೇಡವೇ ಬೇಡ.

ಎಂಟೋ ಹತ್ತೋ ಮಕ್ಕಳಿಗೆ ಒಬ್ಬ ಶಿಕ್ಷಕರಿರಲಿ. ಹೆಣ್ಣುಮಕ್ಕಳಿರುವ ಗುಂಪಿನೊಂದಿಗೆ ಶಿಕ್ಷಕಿಯರು ಇರಲೇಬೇಕು. ಬಸ್ ಹತ್ತಿದಾಗ, ಇಳಿದಾಗ, ಶೌಚಾಲಯದಿಂದ ಬಂದಾಗ ತಲೆ ಎಣಿಕೆ. ಊಟಕ್ಕೆ ಮನೆಯ ಚಿತ್ರಾನ್ನ, ಪುಳಿಯೋಗರೆಯಷ್ಟು ಒಳ್ಳೆಯದು ಬೇರೆ ಇಲ್ಲ. ಸ್ಟೀಲ್ ಡಬ್ಬಿ, ತುಂಬಿಸಿಕೊಳ್ಳುವ ನೀರಿನ ಬಾಟಲಿ ತರಲು ಹೇಳಿ. ಬನ್ನೇರುಘಟ್ಟದ ಬಾಗಿಲಲ್ಲಿ ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ.

ಪ್ರತಿ ಮಗುವಿನ ಕೈಯಲ್ಲಿ ಗೆರೆಯಿಲ್ಲದ ಒಂದು ತೆಳು ಪುಸ್ತಕ ಮತ್ತು ಪೆನ್ಸಿಲ್ ಇರಲಿ. ಬಿಟ್ಟ ಸ್ಥಳ ತುಂಬುವ ಮುದ್ರಿತ ಹಾಳೆಗಳನ್ನು ಕೊಡಬೇಡಿ. ಹಾಳೆ ಕೊಟ್ಟರೆ ಮಕ್ಕಳು ಫಲಕದಿಂದ ಉತ್ತರ ನಕಲು ಮಾಡುತ್ತಾರೆ, ವಸ್ತುವಿನ ಕಡೆ ತಲೆಯೆತ್ತುವುದಿಲ್ಲ.

ಹೆಜ್ಜೆ 5: ಮೊದಲ ದಿನ, ಬಂಡೆಯಿಂದ ದೀಪದವರೆಗೆ

ಬೆಳಗ್ಗೆ ಏಳಕ್ಕೆಲ್ಲ ಲಾಲ್‌ಬಾಗಿನಲ್ಲಿರಿ. ಗಾಜಿನ ಮನೆಗೆ ಓಡುವ ಮೊದಲು ಕೆಂಪೇಗೌಡ ಗೋಪುರವಿರುವ ಬಂಡೆಯನ್ನು ಹತ್ತಿಸಿ. ನನ್ನ ಮಟ್ಟಿಗೆ ಇಡೀ ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ. ಇದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮಕ್ಕಳು ಮಂಡಿಯೂರಿ ಕುಳಿತು ಕಲ್ಲನ್ನು ಹತ್ತಿರದಿಂದ ನೋಡಲಿ. ಬಿಳಿ ಮತ್ತು ಕಪ್ಪು ಪಟ್ಟೆಗಳು ಅಲೆಯಲೆಯಾಗಿ ಹರಿದಿರುವುದು ಕಾಣುತ್ತದೆ. ನೆಲದಾಳದ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಖನಿಜಗಳು ಬೇರೆ ಬೇರೆ ಪದರಗಳಾಗಿ ಜೋಡಿಸಿಕೊಂಡ ಗುರುತು ಅದು. ಒಂದು ಅಂಗೈ ಅಗಲದ ಜಾಗ ಆರಿಸಿ, ಅಲ್ಲಿರುವ ಪಟ್ಟೆಗಳನ್ನು ಇದ್ದಂತೆಯೇ ಬರೆಯಲು ಹತ್ತು ನಿಮಿಷ ಕೊಡಿ.

300 ಕೋಟಿ ಎಂಬ ಸಂಖ್ಯೆ ಮಕ್ಕಳ ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಅದಕ್ಕೆ 30 ಮೀಟರ್ ಉದ್ದದ ಹಗ್ಗವೊಂದನ್ನು ಒಯ್ಯಿರಿ. ಬಂಡೆಯ ಮೇಲೆ ಅದನ್ನು ಉದ್ದಕ್ಕೂ ಹಾಸಿ. ಒಂದು ತುದಿ ಬಂಡೆ ಹುಟ್ಟಿದ ಕಾಲ, ಇನ್ನೊಂದು ತುದಿ ಇವತ್ತು. ಒಂದು ಮೀಟರಿಗೆ ಹತ್ತು ಕೋಟಿ ವರ್ಷ. ಈಗ ಮಕ್ಕಳನ್ನೇ ಲೆಕ್ಕ ಹಾಕಲು ಬಿಡಿ. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ, ಅಂದರೆ ಇವತ್ತಿನ ತುದಿಯಿಂದ ಕೇವಲ 66 ಸೆಂಟಿಮೀಟರ್. ಭಾರತದ ಭೂಭಾಗ ಏಷ್ಯಾಕ್ಕೆ ಗುದ್ದಿ ಹಿಮಾಲಯ ಏಳತೊಡಗಿದ್ದು ಸುಮಾರು 50 ಸೆಂಟಿಮೀಟರ್ ದೂರದಲ್ಲಿ. ನಮ್ಮ ಮನುಷ್ಯ ಜಾತಿ ಮೂರು ಲಕ್ಷ ವರ್ಷದ್ದು, ಅಂದರೆ 3 ಮಿಲಿಮೀಟರ್. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿಸಿದ್ದು? ತಲೆಗೂದಲಿನ ದಪ್ಪಕ್ಕಿಂತಲೂ ಬಹಳ ಕಡಿಮೆ. ಆ ಮಾತು ಹೇಳುವಾಗ ಮಕ್ಕಳು ಗೋಪುರದತ್ತ ತಲೆಯೆತ್ತಿ ನೋಡುವಂತೆ ನಿಲ್ಲಿಸಿಕೊಳ್ಳಿ.

ಬಂಡೆ ಇಳಿದ ಮೇಲೆ ತೋಟದಲ್ಲೇ ಇರಿಸಿರುವ ಕಲ್ಲಾದ ಮರದ ಬೊಡ್ಡೆಯನ್ನು ಹುಡುಕಿ. ತಮಿಳುನಾಡಿನ ತಿರುವಕ್ಕರೈಯಿಂದ ತಂದ ಇದರ ವಯಸ್ಸು ಸುಮಾರು ಎರಡು ಕೋಟಿ ವರ್ಷ. ಹಗ್ಗದಲ್ಲಿ ಇದರ ಜಾಗ ಎಲ್ಲಿ ಎಂದು ಕೇಳಿದರೆ, ಈ ಹೊತ್ತಿಗೆ ಮಕ್ಕಳು ತಾವಾಗಿಯೇ 20 ಸೆಂಟಿಮೀಟರ್ ಎನ್ನುತ್ತಾರೆ. 1760ರಲ್ಲಿ ಹೈದರ್ ಅಲಿ ಈ ತೋಟಕ್ಕೆ ತಳಹದಿ ಹಾಕಿದ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಇವೆರಡನ್ನು ನಡೆಯುತ್ತಾ ಹೇಳಿದರೆ ಸಾಕು.

ಎಚ್ಚರಿಕೆಯ ಮಾತೊಂದಿದೆ. ಲಾಲ್‌ಬಾಗ್ ಮತ್ತು ಕಬ್ಬನ್ ಉದ್ಯಾನದ ಎತ್ತರದ ಮರಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಕಲ್ಲೆಸೆಯಬಾರದು, ಗೂಡಿನ ಕೆಳಗೆ ಗುಂಪುಗೂಡಬಾರದು, ಗಲಾಟೆ ಮಾಡಬಾರದು. ಹುಳುಗಳು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ಕಟ್ಟಡದೊಳಗೆ ಅಥವಾ ಬಸ್ಸಿನೊಳಗೆ ಓಡಬೇಕು, ನೀರಿಗೆ ಇಳಿಯಬಾರದು. ಇದನ್ನು ಹೊರಡುವ ಮುನ್ನ ತರಗತಿಯಲ್ಲೇ ಹೇಳಿರಿ.

ಮುಂದಿನ ದಾರಿಗೆ ಮೆಟ್ರೋ ಹಿಡಿಯಿರಿ. ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಿಂದ ನ್ಯಾಷನಲ್ ಕಾಲೇಜು ದಾಟಿದರೆ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ. ಆ ಭಾಗದಲ್ಲಿ ಬಸ್ ನಿಲ್ಲಿಸುವ ಪಾಡು ತಪ್ಪುತ್ತದೆ, ಹಳ್ಳಿಯ ಮಕ್ಕಳಿಗೆ ನೆಲದಡಿಯ ರೈಲಿನ ಅನುಭವವೂ ಆಗುತ್ತದೆ. ಚಲಿಸುವ ಮೆಟ್ಟಿಲಿನ ಮೇಲೆ ಮೇಲೊಬ್ಬರು, ಕೆಳಗೊಬ್ಬರು ಶಿಕ್ಷಕರು ನಿಲ್ಲಬೇಕು.

ಕೋಟೆಯಲ್ಲಿ ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಆಸುಪಾಸಿನ ಗೋಡೆಯ ತುಣುಕು ಮಾತ್ರ. ಕೆಂಪೇಗೌಡರ ಕಾಲದ ಕೋಟೆ ಮಣ್ಣಿನದು. ಹೈದರ್ ಕಾಲದಲ್ಲಿ ಕಲ್ಲಿನದಾಯಿತು. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸ್‌ನ ಸೇನೆ ಗೋಡೆ ಒಡೆದು ನುಗ್ಗಿದ ಜಾಗದಲ್ಲಿ ಒಂದು ಫಲಕವಿದೆ. ಮಕ್ಕಳಿಗೆ ಮೂರು ಕೆಲಸ ಕೊಡಿ: ಬೆಳಗ್ಗೆ ಬಂಡೆಯಲ್ಲಿ ಕಂಡ ಪಟ್ಟೆಗಳು ಈ ಗೋಡೆಯ ಕಲ್ಲುಗಳಲ್ಲಿ ಕಾಣುತ್ತವೆಯೇ ಎಂದು ಹುಡುಕುವುದು, ಬಾಗಿಲಿನಿಂದ ಒಳಗೆ ಹೋಗುವ ದಾರಿ ನೇರವಾಗಿದೆಯೇ ತಿರುಗುತ್ತದೆಯೇ ಎಂದು ನೋಡುವುದು, ಗೋಡೆಯ ಮೇಲಿನ ಕೆತ್ತನೆಗಳಲ್ಲಿ ಒಂದನ್ನು ಬರೆಯುವುದು.

ಅಲ್ಲಿಂದ ಸ್ವಲ್ಪ ನಡೆದರೆ ಟಿಪ್ಪುವಿನ ಬೇಸಿಗೆ ಅರಮನೆ. 1781ರಲ್ಲಿ ಹೈದರ್ ಆರಂಭಿಸಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ. ಪಕ್ಕದಲ್ಲೇ, ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣ ದೇವಾಲಯ. ಒಂದು ತೇಗದ ಕಂಬಗಳ ಮೇಲೆ ನಿಂತದ್ದು, ಇನ್ನೊಂದು ಪೂರ್ತಿ ಕಲ್ಲಿನದು. ಮರದ ಕಂಬಗಳ ಬುಡದಲ್ಲಿ ಕಲ್ಲಿನ ಪೀಠ ಏಕಿದೆ ಎಂದು ಕೇಳಿ. ಗೆದ್ದಲು, ತೇವ ಎಂಬ ಉತ್ತರ ರೈತರ ಮನೆಯ ಮಗುವಿನಿಂದ ಮೊದಲು ಬಂದರೆ ಆಶ್ಚರ್ಯವಿಲ್ಲ.

ಊಟ ಮುಗಿಸಿ ಕಸ್ತೂರಬಾ ರಸ್ತೆಗೆ. ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು 1962ರ ಜುಲೈ 14ರಂದು ನೆಹರು ಉದ್ಘಾಟಿಸಿದರು. ಎಲ್ಲ ಅಂತಸ್ತುಗಳನ್ನೂ ಮೆರವಣಿಗೆಯಂತೆ ಸುತ್ತಿಸಬೇಡಿ. ಮೊದಲ ಅರ್ಧ ಗಂಟೆ ಮಕ್ಕಳು ಗುಂಡಿ ಒತ್ತಿ, ಹಿಡಿ ತಿರುಗಿಸಿ ಮನಸಾರೆ ಆಡಲಿ. ನಂತರ ಪ್ರತಿ ಗುಂಪು ಒಂದೇ ಒಂದು ಪ್ರದರ್ಶಿಕೆಯನ್ನು ಆರಿಸಿ, ಅದು ಕೆಲಸ ಮಾಡುವ ಬಗೆಯನ್ನು ಫಲಕ ಓದದೆ ಇನ್ನೊಂದು ಗುಂಪಿಗೆ ವಿವರಿಸಬೇಕು. ಎಂಜಿನ್ ಸಭಾಂಗಣ, ಮೋಜಿನ ವಿಜ್ಞಾನದ ವಿಭಾಗ, ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ ಇವು ಇದಕ್ಕೆ ಹೇಳಿಮಾಡಿಸಿದಂಥವು. ವಿದ್ಯುತ್ತಿನ ಪ್ರದರ್ಶಿಕೆಗಳ ಮುಂದೆ ಒಂದು ಮಾತು ಸೇರಿಸಿ: ಶಿವನಸಮುದ್ರದ ಕಾವೇರಿಯಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಬೀಳುವ ನೀರು ಉರಿಯುವ ದೀಪವಾಗುವ ದಾರಿಯನ್ನು ಚಿತ್ರ ಬರೆದು ತೋರಿಸುವುದು ಎಂಟನೇ ತರಗತಿಯ ಮಕ್ಕಳಿಗೆ ಒಳ್ಳೆಯ ಕೆಲಸ.

ಪಕ್ಕದ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಸ್ಥಾಪನೆಯಾದದ್ದು. ತೆರೆದಿದ್ದರೆ ಒಳಗೆ ಹೋಗಿ, ಒಂದೇ ಒಂದು ಕಲ್ಲಿನ ಮುಂದೆ ನಿಲ್ಲಿ: ಆತಕೂರಿನ ವೀರಗಲ್ಲು. ಮಂಡ್ಯ ಸೀಮೆಯಿಂದ ಬಂದ, ಹತ್ತನೆಯ ಶತಮಾನದ ಈ ಶಾಸನದ ಒಂದು ಭಾಗ ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ಚೋಳರೊಡನೆ ಮಾಡಿದ ತಕ್ಕೋಲದ ಯುದ್ಧದ ಕಥೆ ಹೇಳುತ್ತದೆ. ಇನ್ನೊಂದು ಭಾಗ ‘ಕಾಳಿ’ ಎಂಬ ನಾಯಿಯದು. ಬೂತುಗನ ಸೇವೆಯಲ್ಲಿದ್ದ ಮಣಲೆರ ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಕೇಳಿ ಪಡೆದ ನಾಯಿ ಅದು. ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಸತ್ತವು. ಕಲ್ಲಿನ ಮೇಲೆ ಎರಡೂ ಕಾದಾಡುತ್ತಿರುವ ಚಿತ್ರವಿದೆ. ರಾಜರ ಇಸವಿಗಳನ್ನು ಕೇಳಿ ಆಕಳಿಸುತ್ತಿದ್ದ ಮಕ್ಕಳು ಈ ನಾಯಿಯ ಮುಂದೆ ಎಚ್ಚರಗೊಳ್ಳುತ್ತಾರೆ. ಸಾವಿರ ವರ್ಷದ ಹಿಂದಿನ ಒಂದು ನಾಯಿಯ ಹೆಸರು ನಮಗೆ ಗೊತ್ತಾದದ್ದು ಹೇಗೆ ಎಂಬಲ್ಲಿ ದಿನದ ಪ್ರಶ್ನೆ ತಾನಾಗಿಯೇ ಮರಳುತ್ತದೆ.

ವಸ್ತುಸಂಗ್ರಹಾಲಯ ಮುಚ್ಚಿದ್ದರೆ ಆ ಹೊತ್ತನ್ನು ತಾರಾಲಯಕ್ಕೆ ಕೊಡಿ. ಕನ್ನಡದ ಪ್ರದರ್ಶನದ ಸಮಯ ಕೇಳಿಯೇ ಸೀಟು ಕಾಯ್ದಿರಿಸಿ. ಎರಡನ್ನೂ ತುರುಕಬೇಡಿ, ಸಂಜೆ ಐದರ ಮೇಲೆ ನಗರದ ರಸ್ತೆಯಲ್ಲಿ ದಣಿದ ಮಕ್ಕಳ ಬಸ್ ಇರಬಾರದು.

ಹೆಜ್ಜೆ 6: ಎರಡನೆಯ ದಿನ, ಬನ್ನೇರುಘಟ್ಟ

ತೆರೆಯುವ ಹೊತ್ತಿಗೆ ಬಾಗಿಲಲ್ಲಿರಿ. ತಂಡವನ್ನು ಎರಡು ಮಾಡಿ: ಒಂದು ಸಫಾರಿಗೆ, ಇನ್ನೊಂದು ಮೃಗಾಲಯಕ್ಕೆ, ಆಮೇಲೆ ಅದಲುಬದಲು. ಸಫಾರಿ ಬಸ್ಸಿನಲ್ಲಿ ಕಿಟಕಿಯಿಂದ ಕೈ, ಮೊಬೈಲ್ ಹೊರಗೆ ಹಾಕಬಾರದು. ಜಾಲರಿಗೆ ಬೆರಳು ತೂರಿಸಬಾರದು. ಮಂಗಗಳ ಕಣ್ಣಿಗೆ ತಿಂಡಿ ಬೀಳದಂತೆ ಚೀಲದೊಳಗಿರಲಿ. ಸಫಾರಿಯೆಂದರೆ ಮಕ್ಕಳಿಗೆ ಪ್ರಾಣ, ಅದನ್ನು ತಪ್ಪಿಸುವುದು ನ್ಯಾಯವಲ್ಲ. ಆದರೆ ಕಲಿಕೆ ಹೆಚ್ಚು ನಡೆಯುವುದು ಬೇಲಿಯ ಮುಂದೆ ಸುಮ್ಮನೆ ನಿಂತಾಗ.

ಪ್ರತಿ ಗುಂಪು ಒಂದೇ ಪ್ರಾಣಿಯನ್ನು ಆರಿಸಿ ಇಪ್ಪತ್ತು ನಿಮಿಷ ನೋಡಬೇಕು. ಒಬ್ಬ ಗಡಿಯಾರ ನೋಡುತ್ತಾ ಪ್ರತಿ ನಿಮಿಷಕ್ಕೆ ‘ಈಗ’ ಎನ್ನಬೇಕು. ಆ ಕ್ಷಣದಲ್ಲಿ ಪ್ರಾಣಿ ಏನು ಮಾಡುತ್ತಿದೆಯೋ ಅದನ್ನು ಉಳಿದವರು ಗುರುತು ಹಾಕಬೇಕು: ಮಲಗಿದೆ, ನಡೆಯುತ್ತಿದೆ, ತಿನ್ನುತ್ತಿದೆ, ಮೂಸುತ್ತಿದೆ, ಇನ್ನೊಂದನ್ನು ನೋಡುತ್ತಿದೆ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುವವರು ಕಾಡಿನಲ್ಲಿ ಮಾಡುವುದೂ ಮೂಲತಃ ಇದನ್ನೇ. ಮೊದಲ ಐದು ನಿಮಿಷ ಮಕ್ಕಳು ಚಡಪಡಿಸುತ್ತಾರೆ. ತಾಳಿಕೊಳ್ಳಿ. ಆಮೇಲೆ ಕಿವಿ ತಿರುಗುವುದು, ಬಾಲದ ತುದಿ ಅಲುಗುವುದು ಕಾಣತೊಡಗುತ್ತದೆ. ಯಾವುದಾದರೂ ಪ್ರಾಣಿ ಒಂದೇ ದಾರಿಯಲ್ಲಿ ಹಿಂದೆ ಮುಂದೆ ನಡೆಯುತ್ತಲೇ ಇದ್ದರೆ ಅದನ್ನು ಮುಚ್ಚಿಡದೆ ಮಾತನಾಡಿ. ಬಂಧನ, ಬೇಸರ, ಸೀಮಿತ ಜಾಗ ಇವು ಪ್ರಾಣಿಯ ನಡವಳಿಕೆಯನ್ನು ಬದಲಿಸುತ್ತವೆ ಎಂಬುದನ್ನು ಹತ್ತು ವರ್ಷದ ಮಗುವೂ ಅರ್ಥಮಾಡಿಕೊಳ್ಳಬಲ್ಲದು.

‘ಈ ಪ್ರಾಣಿ ಇಲ್ಲಿ ಏಕಿದೆ?’ ಎಂಬ ಪ್ರಶ್ನೆಗೆ ಕರಡಿಗಳ ಕಥೆ ಒಂದು ಉತ್ತರ. ಮೂಗಿಗೆ ಹಗ್ಗ ಪೋಣಿಸಿ ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳನ್ನು ಬಿಡಿಸಿ ತಂದು ಸಾಕಿದ ಕೇಂದ್ರ ಬನ್ನೇರುಘಟ್ಟದಲ್ಲಿದೆ. ಕಾಡಿಗೆ ಮರಳಲಾರದ ಪ್ರಾಣಿಗೆ ಎಲ್ಲಿ ಜಾಗ ಎಂದು ಕೇಳಿ, ಮಕ್ಕಳು ವಾದಿಸಲಿ. ಜೊತೆಗೆ ಇನ್ನೊಂದನ್ನು ಸ್ಪಷ್ಟಪಡಿಸಿ: ಮೃಗಾಲಯ ಬೇರೆ, 1974ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ ಬೇರೆ. ಬೇಲಿಯಾಚೆಯ ಆ ಕಾಡು ಕಾವೇರಿ ಕಣಿವೆಯ ಕಾಡುಗಳವರೆಗೆ ಆನೆಗಳ ದಾರಿ. ಆನೇಕಲ್, ಕನಕಪುರ ಕಡೆಯ ಮಕ್ಕಳಿದ್ದರೆ ರಾಗಿ ಹೊಲಕ್ಕೆ ಆನೆ ಬಂದ ರಾತ್ರಿಯ ಬಗ್ಗೆ ಅವರೇ ಹೇಳಲಿ. ನೀವು ಕುಳಿತು ಕೇಳಿ.

ಬಿಸಿಲೇರಿದಾಗ, ಹನ್ನೊಂದರ ನಂತರ, ಚಿಟ್ಟೆ ಉದ್ಯಾನ. ಮೈ ಬೆಚ್ಚಗಾದ ಮೇಲೆಯೇ ಚಿಟ್ಟೆ ಚೆನ್ನಾಗಿ ಹಾರುವುದು. 2006ರಲ್ಲಿ ಆರಂಭವಾದ ಇದು ದೇಶದ ಮೊದಲ ಚಿಟ್ಟೆ ಉದ್ಯಾನ. ಬಣ್ಣ ನೋಡಿ ಹಿಗ್ಗಿದ ಮೇಲೆ ಗಿಡಗಳತ್ತ ಗಮನ ತಿರುಗಿಸಿ. ಪ್ರತಿ ಚಿಟ್ಟೆಯ ಹುಳು ತನ್ನದೇ ಗಿಡವನ್ನು ತಿನ್ನುತ್ತದೆ: ಕಾಮನ್ ಮಾರ್ಮನ್‌ಗೆ ಕರಿಬೇವು ಮತ್ತು ನಿಂಬೆ, ಪ್ಲೇನ್ ಟೈಗರ್‌ಗೆ ಎಕ್ಕ, ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿ. ಮನೆಯ ಕರಿಬೇವಿನ ಎಲೆ ತಿನ್ನುವ ಹುಳುವನ್ನು ಅಮ್ಮ ಏನು ಮಾಡುತ್ತಾರೆ ಎಂದು ಕೇಳಿ ನೋಡಿ, ಚರ್ಚೆ ಸುಲಭವಾಗಿ ನಿಲ್ಲುವುದಿಲ್ಲ.

ಸಮಯ ಉಳಿದರೆ ಮರಳುವಾಗ ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಹೋಗಿ. ಗಂಗರ ಕಾಲದ, ಸುಮಾರು ಕ್ರಿ.ಶ. 890ರ ಅಲ್ಲಿನ ಶಾಸನ ‘ಬೆಂಗಳೂರು ಕಾಳಗ’ವನ್ನು ನೆನೆಯುತ್ತದೆ, ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹಿಂದೆ. ದೇವಾಲಯ ಮಧ್ಯಾಹ್ನ ಮುಚ್ಚಿರುವ ಹೊತ್ತನ್ನು ಮೊದಲೇ ತಿಳಿದುಕೊಳ್ಳಿ.

ಹೆಜ್ಜೆ 7: ಮರಳಿದ ಮೇಲೆ

‘ನಾನು ಕಂಡ ಪ್ರವಾಸ’ ಪ್ರಬಂಧ ಬರೆಸಬೇಡಿ. ಎಲ್ಲರದೂ ‘ಬೆಳಗ್ಗೆ ಬೇಗ ಎದ್ದೆವು’ ಎಂದೇ ಆರಂಭವಾಗುತ್ತದೆ. ಅದರ ಬದಲು ಮೂರು ದಿನಗಳೊಳಗೆ ಮೂರು ಕೆಲಸ ಮಾಡಿಸಿ. ಒಂದು, ಪ್ರಾಣಿ ವೀಕ್ಷಣೆಯ ಅಂಕಿಗಳನ್ನು ಗಣಿತದ ತರಗತಿಯಲ್ಲಿ ಸ್ತಂಭಾಲೇಖವಾಗಿಸಿ, ಒಂದೇ ಪ್ರಾಣಿ ನೋಡಿದ ಎರಡು ಗುಂಪುಗಳ ಲೆಕ್ಕವನ್ನು ಹೋಲಿಸಿ. ಎರಡು, 30 ಮೀಟರ್ ಹಗ್ಗವನ್ನು ಶಾಲೆಯ ಅಂಗಳದಲ್ಲಿ ಹಾಸಿ, ಪ್ರವಾಸಕ್ಕೆ ಬಂದ ಮಕ್ಕಳು ಕಿರಿಯ ತರಗತಿಗಳಿಗೆ ಪಾಠ ಮಾಡಲಿ. ಹಣದ ಕಾರಣದಿಂದ ಬರಲಾಗದ ಮಕ್ಕಳು ಅದೇ ತರಗತಿಯಲ್ಲಿ ಇರುತ್ತಾರೆ. ಅವರ ಕೈಗೆ ಪುಸ್ತಕಗಳೂ ಚಿತ್ರಗಳೂ ತಲುಪಬೇಕು. ಮೂರು, ಶಾಲೆಯ ಊರಿನಲ್ಲೇ ಇರುವ ವೀರಗಲ್ಲು, ಕೆರೆಯ ತೂಬು, ಹಳೆಯ ಮರ ಯಾವುದು ಎಂದು ಹಿರಿಯರನ್ನು ವಿಚಾರಿಸಿ ಒಂದು ಪಟ್ಟಿ ಮಾಡಲಿ.

ಶಿಕ್ಷಕರು ತಮ್ಮ ಕಡತಕ್ಕೆ ನಿಜವಾಗಿ ಆದ ಖರ್ಚು, ಪ್ರತಿ ಜಾಗದಲ್ಲಿ ಕಳೆದ ಸಮಯ, ಕೈಬಿಡಬೇಕಾದ ಸ್ಥಳ, ಸಹಾಯ ಮಾಡಿದ ಸಿಬ್ಬಂದಿಯ ಕಚೇರಿ ವಿಳಾಸ ಸೇರಿಸಿಡಿ. ಮುಂದಿನ ವರ್ಷದ ಹೊಣೆ ಬೇರೆಯವರಿಗೆ ಬಂದರೆ ಅವರು ಮೊದಲು ಕೇಳುವುದು ಈ ಪುಟವನ್ನೇ.